ಕಾಣುವ ಕ್ಯಾಲೆಂಡರು, ಸಿಗದ ತರಗತಿ

ಹೊಳೆನರಸೀಪುರದಲ್ಲಿ ನಾನು ನಡೆಸುತ್ತಿದ್ದ ಕಸೂತಿ ತರಗತಿಗೆ ಹತ್ತು ಮಂದಿ ಸೇರದಿದ್ದರೆ ಮಹಿಳಾ ಸಂಘದವರು ಅದನ್ನು ನಿಲ್ಲಿಸುವವರಿದ್ದರು. ಸಂಘದ ವೆಬ್‌ಸೈಟಿನ ಕ್ಯಾಲೆಂಡರಿನಲ್ಲಿ ತರಗತಿಯ ದಿನಗಳು ಕಾಣುತ್ತಿದ್ದವು. ಇಂಟರ್ನೆಟ್ಟಿನಲ್ಲಿ ಹುಡುಕಿದವರಿಗೆ ಮಾತ್ರ ಸಿಗುತ್ತಿರಲಿಲ್ಲ. ವೆಬ್‌ಸೈಟು ಮಾಡಿಕೊಟ್ಟ ಹಾಸನದ ಸೈಬರ್ ಸೆಂಟರಿನವರ ಹೆಂಡತಿಯೂ ಕಸೂತಿ ಕಲಿಸುತ್ತಿದ್ದರು. ನನಗೆ ಅನುಮಾನ ಬಂತು.

“ಬೇಕಂತಲೇ ಮುಚ್ಚಿಟ್ಟಿದ್ದೀರಾ ಸಾ?” ಎಂದು ಅವರ ಸೆಂಟರಿಗೇ ಹೋಗಿ ಕೂತು, ಹೇಗೋ ಧೈರ್ಯ ಮಾಡಿ ಕೇಳಿದೆ.

“ಅಯ್ಯೋ, ಇಲ್ಲ ಕಣಕ್ಕ! ಆ ಕ್ಯಾಲೆಂಡರ್ ಬೇರೆ ಕಡೆಯಿಂದ ತಂದು ಪೇಜಲ್ಲಿ ಕೂರಿಸಿರೋದು. ನಮ್ ಕಣ್ಣಿಗೆ ಕಾಣ್ತದೆ, ಸರ್ಚ್ ಇಂಜಿನ್ ಅದರೊಳಗಿರೋದನ್ನ ಓದಲ್ಲ. ದಿನ, ಊರು ಎಲ್ಲಾ ಪೇಜಲ್ಲೇ ಬರೆದುಬುಡ್ತೀನಿ.”

ಅವರು ಬರೆದು ಮುಗಿಸುವವರೆಗೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಬಂದರು. ಹತ್ತನೆಯವರು ಸೈಬರ್ ಸೆಂಟರಿನವರ ಹೆಂಡತಿಯೇ! “ಇಂಟರ್ನೆಟ್ಟಲ್ಲಿ ಸಿಕ್ತು ಕಣಕ್ಕ, ಬಂದ್ಬುಟ್ಟೆ” ಎಂದರು. ತರಗತಿ ಉಳಿಯಿತು. ಆದರೂ ಹೊಸ ಹೊಲಿಗೆ ಹಾಕುವಾಗಲೆಲ್ಲ ನಾನು ಅವರಿಗೆ ಬೆನ್ನು ಮಾಡಿಯೇ ಕೂರುತ್ತಿದ್ದೆ.