ಲಿಲ್ಲಿ ಬಾಯಿಯ ಮೂರನೆಯ ಡಬ್ಬಿ

ಬಚ್ಚಲಿನ ಗೂಡಿನಲ್ಲಿದ್ದ ಬಾಟಲಿಯ ಮುಚ್ಚಳ ತಿರುಗಿಸಿದ ಕೂಡಲೇ ಮೂಗಿಗೆ ಹೊಡೆದ ವಾಸನೆ ನನಗೆ ಹೊಸದಲ್ಲ. ಮೊದಲು ಹುಳಿ ಬಂದ ಗಂಜಿಯ ಹಾಗೆ, ಆಮೇಲೆ ಕೊಳೆತ ಎಲೆಯ ಹಾಗೆ. ಮಕ್ಕಳೇ, ನಿಮ್ಮಲ್ಲಿ ದೊಡ್ಡವಳಾದ ದೀಕ್ಷಾ ಹತ್ತು ದಿನದ ಹಿಂದೆ ಮೊಬೈಲ್ ನೋಡಿಕೊಂಡು ಮಾಡಿಟ್ಟ ದಾಸವಾಳದ ಶಾಂಪೂ ಅದು. ಒಂದೇ ಒಂದು ಕೆಮಿಕಲ್ ಇಲ್ಲ ಎಂದು ಅವಳು ಮನೆಯಿಡೀ ಸಾರಿಕೊಂಡು ಬಂದಿದ್ದಳು.

"ಎಂತ ಅಜ್ಜಿ, ಹಾಳಾಯ್ತಾ?" ಎಂದು ಓಡಿ ಬಂದಳು.

"ಹಾಳಾಯ್ತು."

"ನಾನೆಂತ ಕಮ್ಮಿ ಹಾಕಿದ್ದು ಹಾಗಾದರೆ?"

ಏನು ಕಮ್ಮಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಿದರೆ ಹೇಗೆ ಗೊತ್ತು ಎಂದು ಕೇಳುತ್ತಾಳೆ. ಹಾಗಾಗಿ ಬಾಟಲಿ ತೊಳೆಯುವ ನೆಪದಲ್ಲಿ ನಲ್ಲಿ ಜೋರಾಗಿ ಬಿಟ್ಟೆ.

ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತವಳು. ನಾಲ್ಕು ಜನರ ಎದುರು ಈಗಲೂ ನನಗೆ ಮಾತು ಹೊರಡುವುದಿಲ್ಲ. ಮಾತಾಡದವರಿಗೆ ಸಂಶಯ ಜಾಸ್ತಿ ಎಂದು ನನ್ನ ಅನುಭವ. ಬೇರೆಯವರು ಕೇಳಿ ತಿಳಿದುಕೊಳ್ಳುವುದನ್ನು ನಾವು ಊಹಿಸಿಯೇ ಮುಗಿಸುತ್ತೇವೆ. ಮೀನಿನವಳು "ಇವತ್ತಿನದ್ದೇ ಅಮ್ಮ" ಎಂದರೆ ನಾನು ಉತ್ತರ ಕೊಡುವುದಿಲ್ಲ, ಕಿವಿರು ಎತ್ತಿ ನೋಡುತ್ತೇನೆ. ನಿಮ್ಮ ಅಜ್ಜ ಇದನ್ನು ಹೇಳಿ ಹೇಳಿ ನಗುತ್ತಿದ್ದರು. "ಇವಳು ಮದುವೆಯ ದಿನ ನನ್ನ ಕಿವಿಯನ್ನೂ ಎತ್ತಿ ನೋಡಿದ್ದಾಳೆ" ಎನ್ನುತ್ತಿದ್ದರು.

ಅಜ್ಜ ಪಣಂಬೂರಿನಲ್ಲಿ ಹಡಗಿಗೆ ಅದಿರು ತುಂಬುವ ಕಡೆ ಕೆಲಸಕ್ಕಿದ್ದರು. ಸಂಜೆ ಪಡೀಲಿನ ಮನೆಗೆ ಬಂದಾಗ ತಲೆಯಿಡೀ ಕೆಂಪು ಧೂಳು. ಅಂಗಡಿಯ ಶಾಂಪೂ ಹಾಕಿದರೆ ಧೂಳು ಹೋಗುತ್ತಿತ್ತು, ಆದರೆ ಕೂದಲು ತೆಂಗಿನ ನಾರಿನ ಹಾಗೆ ಆಗುತ್ತಿತ್ತು. ನಾನು ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ, ಲೋಳೆಯನ್ನು ಬಟ್ಟೆಯಲ್ಲಿ ಸೋಸಿ ತಲೆಗೆ ಹಚ್ಚುತ್ತಿದ್ದೆ. ಬಾಚಣಿಗೆ ಎಲ್ಲಿಯೂ ನಿಲ್ಲದೆ ಇಳಿಯುತ್ತಿತ್ತು. ಅವರು ಹೋದ ಮೇಲೆ ಆ ಲೋಳೆ ನನ್ನ ತಲೆಗೆ ಮಾತ್ರ ಆಯಿತು.

ಅದರ ಮೇಲೆ ಕಣ್ಣು ಬಿದ್ದದ್ದು ಪಕ್ಕದ ಮನೆಯ ಲಿಲ್ಲಿಯವರದ್ದು. ಕ್ರಿಶ್ಚಿಯನ್ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ಅವರನ್ನು ಎಲ್ಲರೂ ಲಿಲ್ಲಿ ಬಾಯಿ ಎನ್ನುತ್ತಿದ್ದರು. ಅವರು ಕುವೈತ್‌ನಲ್ಲಿ ಒಂದು ಸೋಪು ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು. ಒಂದು ಬೆಳಗ್ಗೆ ಬೇಲಿಯ ಆಚೆಯಿಂದಲೇ ಕೇಳಿದರು, "ಅಕ್ಕಾ, ಈ ಪ್ರಾಯದಲ್ಲಿ ನಿಮ್ಮ ಕೂದಲು ಇಷ್ಟು ಮೆತ್ತಗೆ ಉಂಟಲ್ಲ, ತಲೆಗೆ ಎಂತ ಹಾಕ್ತೀರಿ ಮಾರಾಯ್ರೆ?"

ನಾನು ಎರಡು ದಿನ ಹೇಳಲಿಲ್ಲ. ಕೇಳುವವರು ಸುಮ್ಮನೆ ಕೇಳುವುದಿಲ್ಲ ಎಂದು ನನ್ನ ಲೆಕ್ಕ. ಅದು ಸರಿಯೇ ಆಗಿತ್ತು, ಲಿಲ್ಲಿ ಬಾಯಿಗೆ ಶಾಂಪೂ ಮಾಡಿ ಮಾರುವ ಆಲೋಚನೆ ಇತ್ತು. ತೊಳೆದ ಮೇಲೆ ಕೂದಲು ಸಿಕ್ಕಾಗದೆ ಹೇಳಿದ ಮಾತು ಕೇಳಬೇಕು, ಅಂಥ ಶಾಂಪೂ. "ನೀವೂ ಬನ್ನಿ. ಲೋಳೆ ನಿಮ್ಮದು, ಉಳಿದದ್ದು ನನ್ನದು" ಎಂದರು. ಮನೆಯಲ್ಲಿ ಒಬ್ಬಳೇ ಗೋಡೆ ನೋಡುತ್ತಿದ್ದವಳು ನಾನು. ಹೋದೆ.

ಅವರ ಹಿಂಬದಿಯ ಚಾವಡಿಯಲ್ಲಿ ಮೇಜು, ತಕ್ಕಡಿ, ಮೂರು ಡಬ್ಬಿಗಳು. ಡಬ್ಬಿಗಳ ಮೇಲೆ ಹೆಸರಿಲ್ಲ. ಎ, ಬಿ, ಸಿ, ಅಷ್ಟೇ. ಎ ಜೇನಿನ ಹಾಗೆ ದಪ್ಪ, ನೊರೆ ಬರುವುದು ಅದರಿಂದ. ಬಿ ಕೂದಲನ್ನು ಮೆತ್ತಗೆ ಮಾಡುವಂಥದ್ದು. ಅದನ್ನು ಅವಸರದಲ್ಲಿ ಸುರಿದರೆ ಎಲ್ಲ ಒಡೆದ ಹಾಲಿನ ಹಾಗೆ ಆಗುತ್ತದೆ. ಬಾವಿಯ ನೀರು ಕುದಿಸಿ ಆರಿಸಿ, ನನ್ನ ಲೋಳೆ ಸೇರಿಸಿ, ನೊರೆ ಏಳದ ಹಾಗೆ ನಿಧಾನವಾಗಿ ತಿರುಗಿಸಬೇಕು. ಕೊನೆಗೆ ಚಿಟಿಕೆ ಚಿಟಿಕೆ ಉಪ್ಪು ಹಾಕಿದರೆ ಅದು ಮಂದವಾಗುತ್ತದೆ, ಒಂದು ಚಿಟಿಕೆ ಹೆಚ್ಚಾದರೆ ತಿರುಗಿ ನೀರಾಗುತ್ತದೆ. ನನಗೆ ಅದೆಲ್ಲ ಬಹಳ ಇಷ್ಟವಾಯಿತು. ಅಡುಗೆಯೇ ಅಲ್ಲವೇ? ಸಿ ಡಬ್ಬಿ ಮಾತ್ರ ಇಷ್ಟವಾಗಲಿಲ್ಲ. ಅದನ್ನು ತೆಗೆಯುವಾಗ ಲಿಲ್ಲಿ ಬಾಯಿ ಕೈಗೆ ಗ್ಲೌಸ್ ಹಾಕಿ ಮುಖ ಆಚೆ ತಿರುಗಿಸುತ್ತಿದ್ದರು.

ಒಂದು ದಿನ ಧೈರ್ಯ ಮಾಡಿ ಕೇಳಿದೆ. "ಇದೆಂತ ಬಾಯಿ?"

"ಸಿ."

"ಸಿ ಅಂದ್ರೆ ಎಂತ?"

"ಬಿ ಆದ ಮೇಲೆ ಬರುವುದು ಅಕ್ಕ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅವರು ಮೊದಲು ನೆಲ ಒರೆಸುವ ಫಿನಾಯಿಲ್ ಮಾಡಿ ಮಾರುತ್ತಿದ್ದಾಗ ಸಹಾಯಕ್ಕಿದ್ದವಳು ಅದರ ಪಾಕ ಬರೆದುಕೊಂಡು ಹೋಗಿ ತಾನೇ ಮಾರಲು ಶುರು ಮಾಡಿದ್ದಳಂತೆ. ಆಮೇಲೆ ಲಿಲ್ಲಿ ಬಾಯಿ ಯಾರಿಗೂ ಹೆಸರು ಹೇಳುತ್ತಿರಲಿಲ್ಲ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ತೋರಿದ್ದು ಇಷ್ಟೇ: ತನ್ನ ಕೈಗೆ ತಾಗಬಾರದ್ದನ್ನು ಈ ಹೆಂಗಸು ಊರಿನವರ ತಲೆಗೆ ಹಾಕುತ್ತಿದ್ದಾಳೆ.

ಅಷ್ಟರಲ್ಲಿ ಮದುಮಗಳ ಅಲಂಕಾರ ಮಾಡುವ ಒಂದು ಬ್ಯೂಟಿ ಪಾರ್ಲರಿನವರು ಅರವತ್ತು ಬಾಟಲಿ ಹೇಳಿದರು. ಉಳಿದದ್ದೆಲ್ಲ ತೂಗಿ ಬೆರೆಸಿ ಆಗಿತ್ತು. ಸಿ ಒಂದು ಸಣ್ಣ ಸ್ಟೀಲ್ ಲೋಟದಲ್ಲಿತ್ತು. ಒಳಗೆ ಫೋನ್ ಬಂತು. "ಅಕ್ಕಾ, ಅದೊಂದು ಹಾಕಿ ತಿರುಗಿಸಿ, ಈಗ ಬಂದೆ" ಎಂದು ಹೋದರು.

ನಾನು ಲೋಟ ಹಿಡಿದುಕೊಂಡು ನಿಂತೆ. ಹಸೆಗೆ ಕೂರುವ ಹುಡುಗಿಯರ ತಲೆ ಕಣ್ಣಿಗೆ ಬಂತು. ನಾಳೆ ಯಾರದಾದರೂ ಕೂದಲು ಉದುರಿದರೆ ಲೋಳೆ ಕೊಟ್ಟವಳು ಯಾರು? ಮೆಟ್ಟಿಲು ಇಳಿದು ಲೋಟವನ್ನು ಬಾಳೆಯ ಬುಡಕ್ಕೆ ಸುರಿದೆ. ಬಾಳೆ ಸಾಯುತ್ತದಾ ಎಂದು ನಾಲ್ಕು ದಿನ ಬೇಲಿಯಿಂದ ಇಣುಕಿ ನೋಡಿದೆ. ಅದು ಹೊಸ ಸುಳಿ ಬಿಟ್ಟಿತು. ಆದರೂ ನನ್ನ ಮನಸ್ಸು, ವಿಷ ನಿಧಾನಕ್ಕೆ ಏರುತ್ತದೆ, ಎಂದಿತು.

ಮೂರು ವಾರ ಆಗುವ ಮೊದಲೇ ಬಾಟಲಿಗಳು ರಟ್ಟಿನ ಪೆಟ್ಟಿಗೆಯಲ್ಲಿ ವಾಪಸ್ ಬಂದವು. ಮುಚ್ಚಳ ತೆಗೆದರೆ ಅದೇ ವಾಸನೆ, ಮೇಲೆ ಕಪ್ಪು ಚುಕ್ಕೆ. ಸಿ ಎಂದರೆ ಶಾಂಪೂ ಕೊಳೆಯದಂತೆ ಕಾಯುವ ಮದ್ದು ಎಂದು ಆ ಕ್ಷಣ ನನಗೆ ಹೊಳೆಯಿತು. ಲಿಲ್ಲಿ ಬಾಯಿ ನನ್ನ ಮುಖ ನೋಡಲಿಲ್ಲ. ಬಾವಿಯ ಕಡೆ ನೋಡಿದರು.

"ನೀರಿನದ್ದೇ ಕಿತಾಪತಿ! ಕುದಿಸಿದರೂ ಬಿಡ್ಲಿಲ್ಲ ನೋಡಿ."

ಅದು ಅವರ ತಂದೆ ತೋಡಿಸಿದ ಬಾವಿ. ಜನ ಇಳಿಸಿ ಕೆಸರು ತೆಗೆಸಿದರು, ಬ್ಲೀಚಿಂಗ್ ಪೌಡರ್ ಹಾಕಿಸಿದರು. ಆಮೇಲೆ ಕಲ್ಲು ಚಪ್ಪಡಿ ಹಾಸಿ ಮುಚ್ಚಿಯೇ ಬಿಟ್ಟರು. ಶಾಂಪೂವನ್ನೂ ಬಿಟ್ಟರು. ನಾನು ಬೇಲಿಯ ಈಚೆ ನಿಂತು ನೋಡಿದೆ. ಒಂದು ಮಾತು, ಒಂದೇ ಮಾತು ಆಡಬೇಕಿತ್ತು. ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಹೋದೆ. ಮರು ವರ್ಷ ನಿಮ್ಮ ಅಪ್ಪ ಶಕ್ತಿನಗರದಲ್ಲಿ ಈ ಮನೆ ಮಾಡಿದ, ನಾನು ಇಲ್ಲಿಗೆ ಬಂದೆ. ಪ್ರತಿ ಕ್ರಿಸ್‌ಮಸ್ಸಿಗೆ ಲಿಲ್ಲಿ ಬಾಯಿ ತಿಂಡಿಯ ತಟ್ಟೆ ಕಳಿಸುತ್ತಾರೆ. ನೀವೆಲ್ಲ ಕಿತ್ತಾಡಿ ತಿನ್ನುವಾಗ ನಾನು ಸಕ್ಕರೆ ಜಾಸ್ತಿ ಎಂದು ಯಾಕೆ ಎದ್ದು ಹೋಗುತ್ತೇನೆ ಎಂದು ಈಗ ತಿಳಿಯಿತಲ್ಲ.

ದೀಕ್ಷಾ ಬಿಡುವವಳಲ್ಲ. ಶಾಂಪೂ ಮಾಡಲು ಗೊತ್ತಿರುವವರು ಯಾರು ಎಂದು ನಿಮ್ಮ ಅಪ್ಪನನ್ನು ಕೇಳಿ, ಮೊನ್ನೆ ಆದಿತ್ಯವಾರ ನನ್ನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಪಡೀಲಿಗೆ ಹೋದಳು. ಲಿಲ್ಲಿ ಬಾಯಿಗೆ ಈಗ ಬೆನ್ನು ಬಾಗಿದೆ, ಧ್ವನಿ ಹಾಗೆಯೇ ಉಂಟು. ದೀಕ್ಷಾಳನ್ನು ಹತ್ತಿರ ಕೂರಿಸಿಕೊಂಡು ಹೇಳಿದರು, "ನೀರು ಮೊದಲು ನೋಡಬೇಕು ಮಗಾ. ನನ್ನ ಅಪ್ಪನ ಬಾವಿಯೇ ನನಗೆ ಕೈ ಕೊಟ್ಟಿತು. ಆ ಕೆಲಸದಲ್ಲಿ ನಾನು ನಂಬಿ ಒಳಗೆ ಬಿಟ್ಟದ್ದು ನಿನ್ನ ಅಜ್ಜಿಯನ್ನು ಒಬ್ಬರನ್ನೇ."

ಮೊಮ್ಮಗಳ ಎದುರು ಸುಮ್ಮನಿರುವುದು ಸುಲಭವಿತ್ತು, ಮಕ್ಕಳೇ. ಅದು ನನಗೆ ಅಭ್ಯಾಸವಾದ ಕೆಲಸ. ಆದರೆ ಆ ಮಾತನ್ನು ತೆಗೆದುಕೊಂಡು ಮನೆಗೆ ಬರಲು ಆಗಲಿಲ್ಲ.

"ಬಾವಿ ಅಲ್ಲ ಬಾಯಿ, ನಾನು. ಸಿ ಹಾಕಲಿಲ್ಲ, ಚೆಲ್ಲಿದೆ."

ದೀಕ್ಷಾ ನನ್ನನ್ನು ನೋಡಿದಳು. ಲಿಲ್ಲಿ ಬಾಯಿಯ ಮುಖ ಕೆಂಪಾಯಿತು.

"ಯಾಕೆ?"

"ವಿಷ ಅಂತ ಸಂಶಯ."

"ಬಾವಿ ಮುಚ್ಚುವಾಗ ನೀವು ನೋಡ್ತಾ ಇದ್ರಿ ಅಕ್ಕ! ಅಪ್ಪನ ಬಾವಿ! ನನ್ನನ್ನು ಕೇಳಬಹುದಿತ್ತಲ್ಲ?"

"ಕೇಳಿದ್ದೆ. ಬಿ ಆದ ಮೇಲೆ ಬರುವುದು ಅಂದ್ರಿ."

ಅವರು ಎದ್ದು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ದೀಕ್ಷಾ ಮೆಲ್ಲನೆ, ಮನೆಗೆ ಹೋಗುವನಾ ಅಜ್ಜಿ, ಎಂದಳು, ನಾನು ಏಳಲಿಲ್ಲ. ಕೊನೆಗೆ ಬಂದವರ ಕೈಯಲ್ಲಿ ಹಳೆಯ ತಕ್ಕಡಿ ಇತ್ತು, ಮುಖದಲ್ಲಿ ನಗು ಇರಲಿಲ್ಲ. ದೀಕ್ಷಾಳಿಗೆ ಮೂರು ಡಬ್ಬಿಗಳ ಹೆಸರನ್ನೂ ಬಿಡಿಸಿ ಬಿಡಿಸಿ ಬರೆಸಿದರು. ಅವಳನ್ನೇ ಪೇಟೆಗೆ ಕಳಿಸಿ ಅವನ್ನು ತರಿಸಿ, ಸ್ವಲ್ಪ ಶಾಂಪೂ ಮಾಡಿಸಿದರು. ಸಿ ಇದ್ದ ಲೋಟವನ್ನು ಮಾತ್ರ ನನ್ನ ಕೈಗೆ ಕೊಟ್ಟರು.

"ನೀವೇ ಹಾಕಿ."

ನಾನು ಹಾಕಿದೆ. ಕೊನೆಯ ಹನಿ ಬೀಳುವವರೆಗೆ ಅವರು ನನ್ನ ಕೈಯಿಂದ ಕಣ್ಣು ತೆಗೆಯಲಿಲ್ಲ. ಇಷ್ಟು ವರ್ಷ ಮೀನಿನಿಂದ ಮನುಷ್ಯರವರೆಗೆ ಎಲ್ಲರನ್ನೂ ನಾನು ಹಾಗೆ ನೋಡಿದವಳು, ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ನೋಡಲಿ ಎಂದು ಲೋಟವನ್ನು ಇನ್ನಷ್ಟು ಬೆಳಕಿಗೆ ಹಿಡಿದೆ.