ಕೆಳಗಿಟ್ಟ ಕಾಫಿ

ಕಣ್ಣಾರೆ ಕಂಡದ್ದನ್ನೂ ಟೇಪು ಹಿಡಿದು ಅಳೆಯುವ ಜಾತಿ ನನ್ನದು. ಪವಾಡ, ಗಿವಾಡ ಎಂದವರನ್ನು ಗೇಲಿ ಮಾಡಿದವನು. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಕತಾರಿನ ಮೆಸಯೀದ್‌ನಲ್ಲಿ ಮೆಂಟೆನೆನ್ಸ್ ಎಂಜಿನಿಯರ್ ಆಗಿದ್ದೆ. ಮೈಸೂರಿನಲ್ಲಿ ಅಮ್ಮ ಆಸ್ಪತ್ರೆ ಸೇರಿದ್ದಳು. ಅವಳ ಮುಖ ನೋಡುವವರೆಗೆ ಕಾಫಿ ಮುಟ್ಟುವುದಿಲ್ಲವೆಂದು ತಂಗಿಯ ಬಲವಂತಕ್ಕೆ ಹರಕೆ ಹೊತ್ತಿದ್ದೆ. ನಮ್ಮಂಥವರಿಗೆ ಅದಕ್ಕಿಂತ ಕಠಿಣ ವ್ರತವಿಲ್ಲ. ಆದರೆ ದೇಶ ಬಿಡಲು ಕಂಪನಿಯ ಅರಬ್ ಮಾಲೀಕರ ಸಹಿ ಬೇಕು. ರಿಪೇರಿಗೆಂದು ಪ್ಲಾಂಟ್ ಶಟ್‌ಡೌನ್ ನಡೆದಿತ್ತು, ನಮಗೆ ಹಗಲಿರುಳು ಕೆಲಸ; ಅವರು ನಾಲ್ಕು ದಿನದಿಂದ ‘ಬುಕ್ರಾ’, ಅಂದರೆ ನಾಳೆ, ಎನ್ನುತ್ತಿದ್ದರು. ಐದನೆಯ ಸಂಜೆ, ಆಫೀಸಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಮಂಗಳೂರಿನ ಇಕ್ಬಾಲ್ ನನ್ನನ್ನು ಅಲ್ ಅಜೀಜಿಯಾ ಬಡಾವಣೆಯಲ್ಲಿದ್ದ ಅವರ ಮನೆಗೇ ಕರೆದೊಯ್ದ.

ಕೂತಲ್ಲಿ ನನ್ನೆದುರಿಗೇ ಒಂದು ಹಳೆಯ ಜಲವರ್ಣ ಚಿತ್ರ. ಆಟೋಮನ್ ಕಾಲದ ಕಾಫಿ ಅಂಗಡಿ. ಹುಕ್ಕಾ ಸೇದುವವರು, ಹರಟೆ ಹೊಡೆಯುವವರು, ಮೂಲೆಯಲ್ಲಿ ಕ್ಷೌರಿಕನಿಗೆ ತಲೆ ಒಪ್ಪಿಸಿದವನೊಬ್ಬ. ಹಸಿರು ನಿಲುವಂಗಿಯ ಮುದುಕನೊಬ್ಬ ಮಾತ್ರ ಕಾಫಿ ಬಟ್ಟಲನ್ನು ಮೊಣಕಾಲ ಮುಂದಿಟ್ಟು ಕೈಕಟ್ಟಿ ಕೂತಿದ್ದ. ಅಷ್ಟರಲ್ಲಿ ಆಳು ನನಗೂ ಪುಟ್ಟ ಬಟ್ಟಲಲ್ಲಿ ಕಾಫಿ ಕೊಟ್ಟ. ಬೇಡವೆನ್ನುವುದು ಹೇಗೆಂದು ತಿಳಿಯದೆ, ಆ ಮುದುಕನನ್ನು ನೋಡಿ ಹಾಗೆಯೇ ಕೆಳಗಿಟ್ಟೆ.

ಮಾಲೀಕರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ಕಾಗದ ತರಿಸಿ ಸಹಿ ಹಾಕಿ, “ಖಲಾಸ್”, ಅಂದರೆ ಆಯಿತು, ಎಂದು ಕುಡಿಯುವಂತೆ ಸನ್ನೆ ಮಾಡಿದರು. ಇಕ್ಬಾಲನಿಂದ ಹರಕೆಯ ವಿಷಯ ಹೇಳಿಸಿದೆ. ಬಂದ ಮೇಲೆ ಕುಡಿಯಲಿ ಎಂದರು.

ಕಾರಿನಲ್ಲಿ ಇಕ್ಬಾಲ್ ಕೇಳಿದ: “ಬೇಡಿಕೆ ಇದ್ದವ ಕಾಫಿ ಕುಡಿಯದೆ ಕೆಳಗಿಡುವುದು. ಮನೆಯವ ಆಗಲಿ ಅನ್ನುವವರೆಗೆ ಮುಟ್ಟಲಿಕ್ಕಿಲ್ಲ. ಇವರ ಹಳೇ ಕ್ರಮ ಅದು. ನಿಮಗೆ ಯಾರು ಹೇಳಿಕೊಟ್ಟದ್ದು ಮಾರಾಯ್ರೇ?”

“ಗೋಡೆ ಮೇಲಿನ ಮುದುಕ” ಎಂದೆ. ಅವನು ನಕ್ಕ.

ಮರುದಿನ ರಾತ್ರಿ ಆಸ್ಪತ್ರೆ ತಲುಪಿದೆ. ಅಮ್ಮ ಕಣ್ಣುಬಿಟ್ಟು, “ಕಾಫಿ ಕುಡಿದ್ಯೇನೋ?” ಎಂದಳು. ಅದೇ ಅವಳ ಕೊನೆಯ ಮಾತು. ಬೆಳಗಿನ ಜಾವ ಹೋದಳು. ಇನ್ನೊಂದು ‘ಬುಕ್ರಾ’ ಆಗಿದ್ದರೆ ಆ ಮಾತು ನನಗೆ ಸಿಗುತ್ತಿರಲಿಲ್ಲ.

ತಿಂಗಳ ಮೇಲೆ, ಬೋಳುತಲೆಯಲ್ಲಿ, ಬಾಕಿಯಿದ್ದ ಕಾಫಿ ಕುಡಿಯಲು ಅದೇ ಕೋಣೆಗೆ ಹೋದೆ. ಚಿತ್ರದಲ್ಲಿ ಹುಕ್ಕಾ ಇತ್ತು, ಕ್ಷೌರಿಕನಿದ್ದ. ಹಸಿರು ನಿಲುವಂಗಿಯ ಮುದುಕ ಬಟ್ಟಲನ್ನು ತುಟಿಗಿಟ್ಟು ಕುಡಿಯುತ್ತಿದ್ದ. ಎದ್ದು ಹತ್ತಿರ ಹೋಗಿ ನೋಡಿದೆ. ಅದೇ ಚೌಕಟ್ಟು, ಗಾಜಿನ ಮೂಲೆಯಲ್ಲಿ ಅದೇ ಬಿರುಕು. ಅಜ್ಜನ ಕಾಲದ ಚಿತ್ರ, ಅವನು ಯಾವಾಗಲೂ ಕುಡಿಯುತ್ತಲೇ ಇದ್ದಾನೆ ಎಂದರು ಮಾಲೀಕರು.

ನನ್ನ ಕಣ್ಣೇ ತಪ್ಪಿರಬಹುದು, ಒಪ್ಪುತ್ತೇನೆ. ಆದರೆ ಬಟ್ಟಲು ಕೆಳಗಿಡಲು ನನಗೆ ಯಾರು ಹೇಳಿಕೊಟ್ಟದ್ದು?