ಅಪ್ಪನ ರೂಪದಲ್ಲಿ ಬಂದವರು

ಇವತ್ತು ಟಿವಿಯ ಹಳೆಯ ಸಿನಿಮಾವೊಂದರಲ್ಲಿ ಹಾರುವ ತಟ್ಟೆ ನೆಲಕ್ಕಿಳಿಯಿತು. ನನಗೆ ಶ್ರೀನಿವಾಸಪುರದ ಟೆಂಟ್ ಸಿನಿಮಾದ ಮರಳು, ಬೀಡಿ ಹೊಗೆ ನೆನಪಾದವು.

ಚಿಕ್ಕವಳಿದ್ದಾಗ ಅಲ್ಲಿ ಅಕ್ಕನ ಜೊತೆ ಅಂಥದೇ ಇಂಗ್ಲಿಷ್ ಸಿನಿಮಾ ನೋಡಿದ್ದೆ. ಬೇರೆ ಲೋಕದವರು ಮನೆಯವರ ರೂಪದಲ್ಲೇ ಬಂದು ಊರನ್ನು ವಶಮಾಡಿಕೊಳ್ಳುತ್ತಿದ್ದರು. ಅವರಿಗೆ ನಗು ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ.

ಮರುದಿನ ಸಂಜೆ, ಅಮ್ಮನ ಎಕ್ಸ್‌ರೇ ಡಾಕ್ಟರಿಗೆ ತೋರಿಸಲು ಕೋಲಾರಕ್ಕೆ ಹೋಗಿದ್ದ ಅಪ್ಪ ಮರಳಿದರು. ಬರುತ್ತಲೇ ಹಸುವನ್ನೂ ಮಾತಾಡಿಸುತ್ತಿದ್ದ ಮನುಷ್ಯ ಅಂದು ಕಾಲನ್ನೂ ತೊಳೆಯದೆ ಜಗಲಿಯಲ್ಲಿ ಕೂತುಬಿಟ್ಟರು. ಅಮ್ಮ ಕೊಟ್ಟ ಕಾಫಿ ಆರಿಹೋಯಿತು.

“ಅಕ್ಕಾ, ಇದು ನಮ್ಮಪ್ಪ ಅಲ್ಲ ಕಣೇ” ಎಂದು ಪಿಸುಗುಟ್ಟಿ ಕಂಬದ ಹಿಂದೆ ಅವಿತೆ.

“ಬಾಮ್ಮಾ ಇಲ್ಲಿ” ಎಂದು ಅಪ್ಪ ಕರೆದರು.

“ನೀವ್ಯಾರು?” ಎಂದೆ, ಕಂಬ ಬಿಡದೆ.

ಅಪ್ಪ ನನ್ನನ್ನೇ ನೋಡಿದರು. ಆಮೇಲೆ ಹೆಗಲ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಳುತ್ತಿದ್ದಾರೆ, ಹಾಗಾದರೆ ಅಪ್ಪನೇ ಎಂದು ಓಡಿಹೋಗಿ ತೊಡೆಯೇರಿದೆ.

“ನಿಮ್ಮಮ್ಮಂಗೆ ಟಿ.ಬಿ. ಅಂತೆ ಕಣಮ್ಮಾ” ಎಂದರು.

ನನಗೆ ಆ ಮಾತು ಅರ್ಥವಾಗಲಿಲ್ಲ. ಅಪ್ಪ ಸಿಕ್ಕಿದ ಸಂತೋಷದಲ್ಲಿದ್ದೆ. ಅಮ್ಮ ಆಸ್ಪತ್ರೆ ಸೇರಿ ಮನೆ ಬಿಕೋ ಎಂದಾಗ ನಿಜವಾದ ಭಯ ಹಿಡಿಯಿತು.

ಅಮ್ಮ ಗುಣವಾಗಿ ಬಂದಳು. ಈಗ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದಾಳೆ. ಅವಳು ಒಮ್ಮೆ ಕೆಮ್ಮಿದರೂ ಸಾಕು, ಕೈಯಲ್ಲಿನ ಕೆಲಸ ಬಿಟ್ಟು ಅವಳ ಮುಖ ನೋಡುತ್ತೇನೆ.